ಶಟರ್ ಎಳೆಯುವವರು ಯಾರು? ಸ್ವಂತ ಕೆಲಸ ಮಾಡುವವರಿಗೆ ಸಮಯದ ಬಗ್ಗೆ ಒಂದು ಪಾಠ

(ಭಾನುವಾರದ ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ)

ವಾಕ್ಯಭಾಗ: ವಿಮೋಚನಕಾಂಡ 18:13–27
ಜೊತೆಗೆ ಓದಿಕೊಳ್ಳಿ: ವಿಮೋಚನಕಾಂಡ 16:16–30, ಕೀರ್ತನೆ 90, ಮಾರ್ಕ 1:32–39, ಎಫೆಸ 5:15–17

 

ಇಲ್ಲಿ ಸಂಬಳದ ಕೆಲಸ ಇಲ್ಲದೆ ಸ್ವಂತ ದುಡಿಮೆ ಮಾಡುವವರು ಎಷ್ಟು ಜನ? ಕೈ ಎತ್ತಿ ನೋಡೋಣ. ಮನೆಯಲ್ಲೇ ಕೇಕ್ ಮಾಡಿ ಮಾರುವವರು, ವಿಡಿಯೋ ಎಡಿಟಿಂಗ್ ಮಾಡುವವರು, ಟೈಲರಿಂಗ್, ಟ್ಯೂಷನ್, ಕ್ಯಾಬ್, ಮೊಬೈಲ್ ಅಂಗಡಿ. ಅರ್ಧಕ್ಕಿಂತ ಹೆಚ್ಚು ಕೈ ಮೇಲೆ ಇದೆ. ಒಳ್ಳೇದು. ನಿಮ್ಮ ಬಾಸ್ ಯಾರು ಅಂತ ಕೇಳಿದರೆ “ನಾನೇ” ಅಂತ ನಗ್ತಾ ಹೇಳ್ತೀರಿ. ಹಾಗಾದರೆ ನಿಮಗೆ ರಜಾ ಕೊಡೋರು ಯಾರು ಅಂತ ಕೇಳಿದರೆ? ನೋಡಿ, ಎಲ್ಲರೂ ಸುಮ್ಮನಾದಿರಿ.

ಇವತ್ತಿನ ಪಾಠ ಆ ಮೌನದ ಬಗ್ಗೆ. ಆಫೀಸಿನಲ್ಲಿ ಇರುವವನಿಗೆ ಆರು ಗಂಟೆಗೆ ಲೈಟ್ ಆರಿಸಲು ಯಾರೋ ಇರುತ್ತಾರೆ. ನಮ್ಮ ಅಂಗಡಿಯ ಶಟರ್ ಎಳೆಯಲು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ನಾವು ಎಳೆಯದಿದ್ದರೆ ಅದು ತೆರೆದೇ ಇರುತ್ತದೆ, ಹೊತ್ತು ಗೊತ್ತು ಇಲ್ಲದೆ.

ಎರಡು ನಿಮಿಷ, ಬ್ರದರ್

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಿಮಗೆ ಗೊತ್ತಿದೆ, ವಾರದ ದಿನಗಳಲ್ಲಿ ನಾನು ಒಂದು ಸಣ್ಣ ಪ್ರಿಂಟಿಂಗ್ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ವಿಸಿಟಿಂಗ್ ಕಾರ್ಡ್, ಇಂಥವು. ಮೂರು ವರ್ಷದ ಹಿಂದಿನ ಮಾತು. ಮದುವೆ ಸೀಸನ್, ಸಂಜೆ ಆರೂವರೆ. ನಮ್ಮ ಸಭೆಯ ಒಬ್ಬ ಸಹೋದರ ಅಂಗಡಿಗೆ ಬಂದರು. ಅವರಿಗೆ ಟೂವೀಲರ್ ಗ್ಯಾರೇಜ್ ಇದೆ. “ಪಾಸ್ಟರ್, ಸ್ವಲ್ಪ ಮಾತಾಡಬೇಕಿತ್ತು” ಅಂದರು. ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ “ಎರಡು ನಿಮಿಷ, ಬ್ರದರ್, ಕೂತ್ಕೊಳ್ಳಿ” ಅಂದೆ.

ಅವರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು. ಟೀ ತರಿಸಿಕೊಟ್ಟೆ. ಫೋನ್ ಬಂತು, ಮಾತಾಡಿದೆ. ಇನ್ನೊಬ್ಬ ಗಿರಾಕಿ ಬಂದ, ಜೆರಾಕ್ಸ್ ಮಾಡಿಕೊಟ್ಟೆ. ಹೀಗೇ ನಲವತ್ತು ನಿಮಿಷ. ಕೊನೆಗೆ ಅವರೇ ಎದ್ದು “ಪರ್ವಾಗಿಲ್ಲ ಪಾಸ್ಟರ್, ಭಾನುವಾರ ಸಿಗೋಣ” ಅಂತ ಹೋದರು. ಆ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಅವತ್ತು ನಾನು ಏನು ಮಾಡ್ತಿದ್ದೆ ಗೊತ್ತಾ? ಒಬ್ಬ ಗಿರಾಕಿಯ ವಿಸಿಟಿಂಗ್ ಕಾರ್ಡಿಗೆ ಏಳನೇ ಸಲ ಬಣ್ಣ ಬದಲಾಯಿಸ್ತಿದ್ದೆ. ಮುನ್ನೂರು ರೂಪಾಯಿ ಕೆಲಸ.

ಕೆಲವು ತಿಂಗಳಾದ ಮೇಲೆ ಅವರ ಮನೆಗೆ ಹೋದಾಗ ವಿಷಯ ತಿಳಿಯಿತು. ಗ್ಯಾರೇಜಿನ ಬಾಡಿಗೆ ಬಾಕಿ ಇತ್ತು. ಯಾರೋ ಒಂದು ಲಕ್ಷ ಕೊಡುತ್ತೇನೆ ಅಂದಿದ್ದರು, ತಿಂಗಳಿಗೆ ನೂರಕ್ಕೆ ಹತ್ತು ಬಡ್ಡಿ. ತಗೊಳ್ಳಲಾ ಬೇಡವಾ ಅಂತ ಕೇಳೋಕೆ, ಜೊತೆಗೆ ಕೂತು ಪ್ರಾರ್ಥನೆ ಮಾಡೋಕೆ ಅವತ್ತು ಬಂದಿದ್ದರು. ನನ್ನ ಅಂಗಡಿಯಿಂದ ನೇರ ಅಲ್ಲಿಗೇ ಹೋದರು. ತಿಂಗಳಿಗೆ ಹತ್ತು ಸಾವಿರ ಬರೀ ಬಡ್ಡಿ. “ನೀವು ಬೇಡ ಅಂದಿದ್ರೆ ತಗೊಳ್ತಿರ್ಲಿಲ್ಲ ಪಾಸ್ಟರ್. ಬೇಜಾರು ಮಾಡ್ಕೋಬೇಡಿ” ಅಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬೇಜಾರು ಮಾಡ್ಕೋಬೇಡಿ ಅಂದದ್ದು ಈಗಲೂ ಚುಚ್ಚುತ್ತದೆ. (ಅವರ ಅನುಮತಿ ಕೇಳಿಯೇ ಇದನ್ನು ಹೇಳುತ್ತಿದ್ದೇನೆ.)

ಪ್ರಿಯರೇ, ನಾನು ಸೋಮಾರಿಯಾಗಿದ್ದೆನಾ? ಇಲ್ಲ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ದುಡಿಯುತ್ತಿದ್ದೆ. ನಮ್ಮಲ್ಲಿ ಬಹಳ ಜನರ ಸಮಯ ಹಾಳಾಗುವುದು ಸೋಮಾರಿತನದಿಂದಲ್ಲ. ಕರೆದವರಿಗೆಲ್ಲ ಓಗೊಡುವುದರಿಂದ. ಸಮಯ ನಿರ್ವಹಣೆ ಅಂದರೆ ದಿನದೊಳಗೆ ಇನ್ನೂ ಹೆಚ್ಚು ಕೆಲಸ ತುರುಕುವುದು ಅಂತ ಅಂದುಕೊಂಡಿದ್ದೆ. ಯಾವುದನ್ನು ನಾನು ಮಾಡುವುದಿಲ್ಲ ಎಂದು ಮೊದಲೇ ತೀರ್ಮಾನಿಸುವುದು ಅಂತ ಆಮೇಲೆ ಕಲಿತೆ. ಕಲಿಸಿದ್ದು ಇತ್ರೋ.

1. ಎಲ್ಲವನ್ನೂ ನೀವೇ ಹೊರಬೇಡಿ

ವಿಮೋಚನಕಾಂಡ 18ನೇ ಅಧ್ಯಾಯ ತೆಗೆಯಿರಿ. ಮೋಶೆಯ ಮಾವ ಇತ್ರೋ ಮರುಭೂಮಿಗೆ ಬರುತ್ತಾನೆ. ಒಬ್ಬನೇ ಬರಲಿಲ್ಲ. ಮೋಶೆಯ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದ. ಅವರು ಇಷ್ಟು ದಿನ ತವರಿನಲ್ಲಿದ್ದರು. ಈಗ 13ನೇ ವಚನ ನೋಡಿ. ಮರುದಿನವೇ ಮೋಶೆ ನ್ಯಾಯ ತೀರಿಸಲು ಕೂತಿದ್ದಾನೆ, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ. ಹೆಂಡತಿ ಮಕ್ಕಳು ಬಂದ ಮರುದಿನ! ಈ ವಚನವನ್ನು ನಾನು ಎಷ್ಟೋ ಸಲ ಓದಿದ್ದೆ, ಮೇಲಿನ ವಚನಗಳ ಜೊತೆ ಸೇರಿಸಿ ಓದಿರಲಿಲ್ಲ.

ಇತ್ರೋ ನೇರವಾಗಿ ಕೇಳುತ್ತಾನೆ: ನೀನೊಬ್ಬನೇ ಯಾಕೆ ಕೂತಿದ್ದೀ? ಮೋಶೆಯ ಉತ್ತರ ನಮ್ಮ ಉತ್ತರದ ಹಾಗೆಯೇ ಇದೆ. ಜನ ನನ್ನ ಹತ್ತಿರಾನೇ ಬರ್ತಾರೆ, ಏನು ಮಾಡೋದು? ಆಗ ಇತ್ರೋ ಹೇಳಿದ್ದರ ಸಾರಾಂಶ ಇದು: ನೀನು ಮಾಡುವುದು ಸರಿಯಿಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ. ಆ ಎರಡನೇ ಮಾತನ್ನು ಗಮನಿಸಿ. ನಾವು ಎಲ್ಲವನ್ನೂ ನಾವೇ ಹಿಡಿದುಕೊಂಡಾಗ ನಾವು ತ್ಯಾಗ ಮಾಡ್ತಿದೀವಿ ಅಂದುಕೊಳ್ಳುತ್ತೇವೆ. ಆದರೆ ಸರದಿಯಲ್ಲಿ ಸಾಯಂಕಾಲದವರೆಗೆ ನಿಂತವರು ಯಾರು? ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತವರು ಯಾರು?

ಪರಿಹಾರವನ್ನೂ ಇತ್ರೋ ಕೊಟ್ಟ. ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನಂಬಿಗಸ್ತರನ್ನು ನೇಮಿಸು. ಸಣ್ಣದನ್ನು ಅವರು ತೀರಿಸಲಿ, ದೊಡ್ಡದು ಮಾತ್ರ ನಿನ್ನ ಹತ್ತಿರ ಬರಲಿ. ಸೀನಾಯಿ ಬೆಟ್ಟದಲ್ಲಿ ದಶಾಜ್ಞೆ ಬರುವುದು ಇದಾದ ಮೇಲೆ, 20ನೇ ಅಧ್ಯಾಯದಲ್ಲಿ. ಮೊದಲು ದಿನಚರಿ ಸರಿಯಾಯಿತು, ಆಮೇಲೆ ಬೆಟ್ಟ ಹತ್ತಲು ಹೊತ್ತು ಸಿಕ್ಕಿತು. ಇದು ನನ್ನ ಧ್ಯಾನ. ನೀವೂ ಓದಿ ಪರೀಕ್ಷಿಸಿ.

ನಾನು ಮಾಡಿದ್ದು ಇಷ್ಟು. ಅಂಗಡಿಯಲ್ಲಿ ಒಬ್ಬ ಹುಡುಗ ಇದ್ದ. ಕಟಿಂಗ್, ಲ್ಯಾಮಿನೇಷನ್ ಅವನಿಗೆ ಬರುತ್ತಿತ್ತು, ಆದರೆ ರೇಟ್ ಹೇಳಲು ನನ್ನನ್ನೇ ಕೇಳಬೇಕಿತ್ತು. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ರೇಟು, ಪೇಪರ್ ಅಳತೆ, ಅಡ್ವಾನ್ಸ್ ಎಷ್ಟು ಅಂತ ಬರೆದುಕೊಟ್ಟೆ. ಐನೂರು ರೂಪಾಯಿವರೆಗಿನ ಯಾವ ತೀರ್ಮಾನವೂ ಅವನದೇ. ಮೊದಲ ತಿಂಗಳು ಎರಡು ಸಲ ತಪ್ಪು ಮಾಡಿದ. ನಷ್ಟ ನಾನೇ ಹೊತ್ತೆ, ಬೈಯಲಿಲ್ಲ. ಈಗ ದಿನಕ್ಕೆ ಒಂದೂವರೆ ಗಂಟೆ ನನಗೆ ಉಳಿಯುತ್ತದೆ.

“ಬ್ರದರ್, ನಾನೊಬ್ಬಳೇ ಕೇಕ್ ಮಾಡ್ತೀನಿ, ಹುಡುಗರನ್ನ ಇಟ್ಕೊಳ್ಳೋಕೆ ದುಡ್ಡಿಲ್ಲ” ಅಂತೀರಾ? ಸರಿ. ಆದರೂ ನೀವೊಬ್ಬರೇ ಮಾಡಬೇಕಾಗಿಲ್ಲದ ಕೆಲಸ ಕೆಲವಿವೆ. ದಿನಕ್ಕೆ ಇಪ್ಪತ್ತು ಸಲ ಅದೇ ರೇಟ್ ಟೈಪ್ ಮಾಡುತ್ತೀರಲ್ಲ, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಹಾಕಿ, ಸಿದ್ಧ ಉತ್ತರ ಉಳಿಸಿಡಿ. ಅಂಗಡಿ ಮುಚ್ಚಿದ ಮೇಲೆ ತಾನಾಗಿ ಹೋಗುವ ಸಂದೇಶವನ್ನೂ ಇಡಬಹುದು. ಹತ್ತು ಜನರ ಮೇಲೆ ನೇಮಿಸಿದ ಒಬ್ಬ ಅಂದುಕೊಳ್ಳಿ!

2. ಹೊತ್ತಿನ ಲೆಕ್ಕ ಬರೆಯಿರಿ

90ನೇ ಕೀರ್ತನೆ ಮೋಶೆಯ ಪ್ರಾರ್ಥನೆ. ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು ಎಂಬ ಬೇಡಿಕೆ ಅಲ್ಲಿದೆ. ಮನುಷ್ಯನಿಗೆ ದುಡ್ಡು ಎಣಿಸೋಕೆ ಯಾರೂ ಕಲಿಸಬೇಕಾಗಿಲ್ಲ. ದಿನ ಎಣಿಸೋದನ್ನ ದೇವರೇ ಕಲಿಸಬೇಕು.

ವಾರಕ್ಕೆ 168 ಗಂಟೆ. ಅಂಬಾನಿಗೂ ಅಷ್ಟೇ, ಆಟೋ ಓಡಿಸುವವರಿಗೂ ಅಷ್ಟೇ. ದಿನಕ್ಕೆ ಏಳು ಗಂಟೆ ನಿದ್ದೆ ಅಂದರೆ 49 ಹೋಯಿತು, 119 ಉಳಿಯಿತು. ಅದು ಎಲ್ಲಿಗೆ ಹೋಗುತ್ತದೆ? ನಾನು ಒಂದು ವಾರ, ಅರ್ಧ ಗಂಟೆಗೊಮ್ಮೆ, ಹಳೇ ಬಿಲ್ ಬುಕ್ಕಿನ ಹಿಂದೆ ಬರೆದೆ. ಹದಿನಾಲ್ಕು ಗಂಟೆ ದುಡೀತೀನಿ ಅಂತ ಹೇಳಿಕೊಳ್ಳುತ್ತಿದ್ದ ನಾನು, ನಿಜವಾಗಿ ದುಡ್ಡು ಬರುವ ಕೆಲಸ ಮಾಡಿದ್ದು ದಿನಕ್ಕೆ ಆರು ಗಂಟೆ ಕೂಡ ಇರಲಿಲ್ಲ. ಉಳಿದದ್ದು ಪ್ರೂಫ್ ತಿದ್ದುವುದು, ಬಾಕಿ ವಸೂಲಿ ಫೋನು, ಒಂದು ರೀಮ್ ಪೇಪರಿಗೆ ಸುಲ್ತಾನ್‌ಪೇಟೆಗೆ ಓಡುವುದು, ಮತ್ತೆ ಪ್ರಾಮಾಣಿಕವಾಗಿ ಹೇಳಬೇಕು, ರೀಲ್ಸ್.

ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಸಮಯದ ವಿಷಯಕ್ಕೆ ಬಳಸಿದ ಗ್ರೀಕ್ ಕ್ರಿಯಾಪದ ‘ಎಕ್ಸಾಗೊರಾಜೊ’. ಅದರೊಳಗೆ ‘ಅಗೋರಾ’ ಅನ್ನುವ ಪದ ಇದೆ, ಅಂದರೆ ಪೇಟೆ, ಸಂತೆ. ಬೆಲೆ ಕೊಟ್ಟು ಕೊಂಡುಕೊಳ್ಳುವುದು ಅಂತ ಅರ್ಥ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದು ದುಡಿದ ಪೌಲನಿಗೆ ಪೇಟೆಯ ಭಾಷೆ ಗೊತ್ತಿತ್ತು. ಸಮಯ ಪುಕ್ಕಟೆ ಸಿಗುವುದಿಲ್ಲ. ಏನಾದರೂ ಬಿಟ್ಟೇ ಕೊಳ್ಳಬೇಕು.

ನಾನು ಬಿಟ್ಟದ್ದು ಇವು. ಪೇಪರ್ ತರಲು ಮಂಗಳವಾರ, ಶುಕ್ರವಾರ ಮಾತ್ರ. ಪ್ರೂಫ್ ಎರಡು ಸಲ ಉಚಿತ, ಮೂರನೇ ಸಲಕ್ಕೆ ದುಡ್ಡು. ಇದನ್ನು ಎಸ್ಟಿಮೇಟ್ ಮೇಲೆಯೇ ಅಚ್ಚು ಹಾಕಿಸಿದೆ. ಏಳನೇ ಸಲದ ಬಣ್ಣ ಬದಲಾವಣೆ ಅಲ್ಲಿಗೆ ನಿಂತಿತು. ಡಿಸೈನ್ ಮಾಡುವಾಗ ಫೋನ್ ಗಲ್ಲಾಪೆಟ್ಟಿಗೆಯ ಒಳಗೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬುವರು ವಿದ್ಯಾರ್ಥಿಯಾಗಿದ್ದಾಗ ಟೊಮೇಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಕಂಡುಕೊಂಡ ಕ್ರಮ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು: 25 ನಿಮಿಷ ಒಂದೇ ಕೆಲಸ, ಐದು ನಿಮಿಷ ವಿರಾಮ. ಟೊಮೇಟೊ ಬೇಡ, ಫೋನಿನ ಅಲಾರಂ ಸಾಕು. 25 ನಿಮಿಷ ಕಾಯಲಾರದ ಗಿರಾಕಿ ತುಂಬಾ ಕಡಿಮೆ. ಕಾಯಲಾರದವನು ನಾನೇ ಆಗಿದ್ದೆ.

3. ತುರ್ತು ಬೇರೆ, ಮುಖ್ಯ ಬೇರೆ

1954ರಲ್ಲಿ ಅಮೆರಿಕದ ಇವಾನ್‌ಸ್ಟನ್ ಊರಿನಲ್ಲಿ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ಮಹಾಸಭೆ ನಡೆಯಿತು. ಅಧ್ಯಕ್ಷ ಐಸೆನ್‌ಹೋವರ್ ಅಲ್ಲಿ ಮಾತಾಡುತ್ತಾ, ಒಂದು ಕಾಲೇಜಿನ ಮಾಜಿ ಮುಖ್ಯಸ್ಥರ ಮಾತನ್ನು ನೆನಪಿಸಿಕೊಂಡರು. ಸಮಸ್ಯೆಗಳು ಎರಡು ಬಗೆ, ತುರ್ತಿನವು ಮತ್ತು ಮುಖ್ಯವಾದವು. ತುರ್ತಿನವು ಮುಖ್ಯವಲ್ಲ, ಮುಖ್ಯವಾದವು ತುರ್ತಿನವಲ್ಲ ಅನ್ನುವುದು ಅದರ ತಾತ್ಪರ್ಯ. ಇವತ್ತು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ನಾಲ್ಕು ಚೌಕ ಹಾಕಿ ಕಲಿಸುವ ಈ ಪಾಠ ಹೆಸರಾದದ್ದು ಚರ್ಚುಗಳ ಕೂಟವೊಂದರಲ್ಲಿ ಆಡಿದ ಆ ಮಾತಿನಿಂದ.

ಆದರೆ ಯೇಸುಸ್ವಾಮಿ ಇದನ್ನು ಕಪೆರ್ನೌಮಿನಲ್ಲೇ ಮಾಡಿ ತೋರಿಸಿದರು. ಮಾರ್ಕ ಮೊದಲನೇ ಅಧ್ಯಾಯ. ಸಾಯಂಕಾಲ ಊರಿಗೆ ಊರೇ ಬಾಗಿಲಲ್ಲಿ ಸೇರಿದೆ. ಅನೇಕರು ಸ್ವಸ್ಥರಾದರು. ಮರುದಿನ ಇನ್ನೂ ಕತ್ತಲಿರುವಾಗಲೇ ಅವರು ಎದ್ದು ಏಕಾಂತಕ್ಕೆ ಹೋಗಿ ಪ್ರಾರ್ಥಿಸಿದರು. ಸೀಮೋನನು ಹುಡುಕಿಕೊಂಡು ಬಂದು ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂದ. ನಮಗಾದರೆ ಅದಕ್ಕಿಂತ ಸಿಹಿ ಸುದ್ದಿ ಇದೆಯಾ? ವ್ಯಾಪಾರ ಕುದುರಿದೆ! ಯೇಸು ಹಿಂದಿರುಗಲಿಲ್ಲ. ಬೇರೆ ಊರುಗಳಿಗೆ ಹೋಗೋಣ, ನಾನು ಬಂದದ್ದು ಅದಕ್ಕಾಗಿ ಎಂಬ ಅರ್ಥದ ಮಾತು ಹೇಳಿ ಹೊರಟರು. ರೋಗಿಗಳ ಮೇಲೆ ಪ್ರೀತಿ ಇಲ್ಲದೆ ಅಲ್ಲ. ದಿನವನ್ನು ತಂದೆಯ ಮುಂದೆ ಮೊದಲೇ ಇಟ್ಟಿದ್ದರಿಂದ ಜನರ ಮುಂದೆ ಇಲ್ಲ ಅನ್ನಲು ಅವರಿಗೆ ಸಾಧ್ಯವಾಯಿತು.

ಮುಖ್ಯವಾದದ್ದು ಬಾಗಿಲು ಬಡಿಯುವುದಿಲ್ಲ, ಅದೇ ಅದರ ಕಷ್ಟ. ನನ್ನ ಜಿಎಸ್‌ಟಿ ಕಥೆ ಕೇಳಿ. ತಿಂಗಳ ಲೆಕ್ಕ ಹಾಕುವವರಿಗೆ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, 3ಬಿ 20ಕ್ಕೆ. 5ನೇ ತಾರೀಖು ಅದು ತುರ್ತಲ್ಲ, 12ನೇ ತಾರೀಖೂ ತುರ್ತಲ್ಲ. ಸೀಸನ್ ಗಡಿಬಿಡಿಯಲ್ಲಿ ಎರಡು ತಿಂಗಳು ಬಿಟ್ಟೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇಕಡಾ 18 ಬಡ್ಡಿ. ದುಡ್ಡು ಹೋದದ್ದು ಇರಲಿ. ನಾನು ಜಿಎಸ್‌ಟಿಆರ್-1 ಹಾಕದೇ ಇದ್ದದ್ದರಿಂದ ನನ್ನ ಹತ್ತಿರ ಬಿಲ್ ಬುಕ್ ಮಾಡಿಸಿದ ವ್ಯಾಪಾರಿಗಳಿಗೆ ಅವರ ತೆರಿಗೆ ಕ್ರೆಡಿಟ್ ಸಿಗಲಿಲ್ಲ. ನನ್ನ ಗಡಿಬಿಡಿಗೆ ಬೆಲೆ ಕಟ್ಟಿದವರು ಬೇರೆಯವರು. ಸಮಯದ ವಿಷಯ ನೆರೆಯವನನ್ನು ಪ್ರೀತಿಸುವ ವಿಷಯವೂ ಹೌದು ಅಂತ ಅವತ್ತು ಅರ್ಥವಾಯಿತು.

ಈಗ ಸೋಮವಾರ ಬೆಳಿಗ್ಗೆ ಶಟರ್ ಎತ್ತುವ ಮೊದಲು ಇಪ್ಪತ್ತು ನಿಮಿಷ ಒಳಗೇ ಕೂರುತ್ತೇನೆ. ಪ್ರಾರ್ಥನೆ, ಆಮೇಲೆ ಒಂದು ಹಾಳೆ. ಈ ವಾರ ಯಾರೂ ಬಂದು ಕೇಳದ, ಆದರೆ ಬಿಟ್ಟರೆ ಕೆಡುವ ಮೂರು ಸಂಗತಿ ಯಾವುವು? ಲೆಕ್ಕಪತ್ರ, ಅಮ್ಮನ ಬಿಪಿ ಚೆಕಪ್, ಮಗಳ ಶಾಲೆಯ ಮೀಟಿಂಗ್. ಅವಕ್ಕೆ ಮೊದಲು ದಿನ, ಗಂಟೆ ಬರೆಯುತ್ತೇನೆ. ಆರ್ಡರುಗಳು ಉಳಿದ ಜಾಗದಲ್ಲಿ ಕೂರಬೇಕು.

ಇನ್ನೊಂದು ಮಾತನ್ನು ಪಾಸ್ಟರ್ ಆಗಿಯೇ ಹೇಳುತ್ತೇನೆ. ಸಭೆಯ ಕೆಲಸವೂ ತುರ್ತಿನ ವೇಷ ಹಾಕಿ ನಿಮ್ಮ ಮನೆಯವರ ಹೊತ್ತನ್ನು ತಿನ್ನಬಹುದು. ನಾನು ಕರೆದಾಗಲೂ “ಈ ವಾರ ಆಗೋದಿಲ್ಲ ಪಾಸ್ಟರ್” ಅಂತ ಹೇಳಿ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅದು ನನ್ನ ಸಮಸ್ಯೆ.

4. ಶಟರ್ ಎಳೆಯುವುದು ನಂಬಿಕೆಯ ಕೆಲಸ

ವಿಮೋಚನಕಾಂಡ 16. ಮನ್ನ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಓಮೆರ್, ಸುಮಾರು ಎರಡು ಲೀಟರಿನ ಅಳತೆ. ನಾಳೆಗೂ ಇರಲಿ ಅಂತ ಇಟ್ಟುಕೊಂಡದ್ದರಲ್ಲಿ ಹುಳ ಬಿತ್ತು. ಆರನೇ ದಿನ ಮಾತ್ರ ಎರಡು ಓಮೆರ್, ಅದು ಕೆಡಲಿಲ್ಲ. ಆದರೂ ಏಳನೇ ದಿನ ಕೆಲವರು ಚೀಲ ಹಿಡಿದು ಹೊರಟರು. ಏನೂ ಸಿಗಲಿಲ್ಲ. ಅವರು ದುಷ್ಟರಾ? ಅಲ್ಲ ಅನ್ನಿಸುತ್ತದೆ. ನಮ್ಮ ಹಾಗೆ ಭಯ ಇದ್ದವರು. ಐಗುಪ್ತದಲ್ಲಿ ರಜಾ ಅಂದರೆ ಏನೆಂದು ಗೊತ್ತಿರಲಿಲ್ಲ. ದಾಸತ್ವದಿಂದ ಹೊರಗೆ ಬಂದಿದ್ದರು, ದಾಸತ್ವ ಅವರ ಒಳಗಿನಿಂದ ಇನ್ನೂ ಹೊರಗೆ ಬಂದಿರಲಿಲ್ಲ.

ನಮ್ಮ ಸ್ಥಿತಿಯೂ ಅದೇ ಅಲ್ಲವೇ? ಬೇರೆಯವರ ಕೈ ಕೆಳಗೆ ಬೇಡ ಅಂತ ಸ್ವಂತ ಕೆಲಸ ಶುರು ಮಾಡಿದೆವು. ಈಗ ನಾವೇ ನಮಗೆ ಫರೋಹ.

ವಾರಕ್ಕೊಂದು ದಿನ ಅಂಗಡಿ ಮುಚ್ಚಿದರೆ ವ್ಯಾಪಾರ ಎರಡು ಪಟ್ಟು ಆಗುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ರಾತ್ರಿ ಎಂಟಕ್ಕೆ ಶಟರ್ ಎಳೆಯಲು ಶುರು ಮಾಡಿದ ಮೇಲೆ ನನ್ನ ಇಬ್ಬರು ಒಳ್ಳೆಯ ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಆಷಾಢದಲ್ಲಿ ಮದುವೆ ಇಲ್ಲ, ಪತ್ರಿಕೆ ಕೆಲಸ ಇಲ್ಲ, ಆಗ ಅವರ ನೆನಪು ಬಹಳ ಬಂತು. ಆದರೂ ಆ ತಿಂಗಳೂ ಅನ್ನ ತಿಂದೆವು. ಒಂದು ಓಮೆರ್ ಅಂದರೆ ಅಷ್ಟೇ, ಸಾಕಾಗುವಷ್ಟು.

ಡೆಲಿವರಿ, ಕ್ಯಾಬ್ ಓಡಿಸುವ ತಮ್ಮಂದಿರಿಗೆ ಒಂದು ಮಾತು. ಒಂದೊಂದು ಟ್ರಿಪ್ಪಿಗೆ ದುಡ್ಡು ಎಣಿಸುವವರಿಗೆ ನಿಲ್ಲಿಸು ಅಂತ ಹೇಳುವುದು ಸುಲಭ, ನಿಲ್ಲಿಸುವುದು ಕಷ್ಟ. ಇಎಂಐ ಕಾಯುವುದಿಲ್ಲ ಅಂತ ನನಗೂ ಗೊತ್ತು. ಇಡೀ ದಿನ ಆಗದಿದ್ದರೆ ಅರ್ಧ ದಿನದಿಂದ ಶುರು ಮಾಡಿ. ಅದೂ ಆಗದಷ್ಟು ಸಾಲ ಇದ್ದರೆ ಒಬ್ಬರೇ ಒದ್ದಾಡಬೇಡಿ, ಬಂದು ಹೇಳಿ. ಸಭೆ ಇರುವುದು ಅದಕ್ಕೇ.

ಈ ವಾರದ ಅಭ್ಯಾಸ

ನಾಲ್ಕನ್ನೂ ಒಟ್ಟಿಗೆ ಹಿಡಿಯಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ. ಒಂದನ್ನು ಆರಿಸಿ.

1. ಏಳು ದಿನ ಹೊತ್ತಿನ ಲೆಕ್ಕ ಬರೆಯಿರಿ. ತಿದ್ದಬೇಡಿ, ಬರೀ ಬರೆಯಿರಿ.
2. ನೀವೇ ಮಾಡಬೇಕಾಗಿಲ್ಲದ ಒಂದು ಕೆಲಸ ಹುಡುಕಿ, ಯಾರಿಗಾದರೂ ಕಲಿಸಿಕೊಡಿ.
3. ಯಾರೂ ಕೇಳದ, ಆದರೆ ಮುಖ್ಯವಾದ ಒಂದು ಸಂಗತಿಗೆ ದಿನ, ಗಂಟೆ ಗೊತ್ತು ಮಾಡಿ.
4. ಕೆಲಸ ನಿಲ್ಲಿಸುವ ಸಮಯ ಮನೆಯವರಿಗೆ ಹೇಳಿ. ಅವರು ಕಾವಲು ಕಾಯುತ್ತಾರೆ!

ಸೆಲ್ ಗ್ರೂಪಿನಲ್ಲಿ ಮಾತಾಡಲು ಒಂದು ಪ್ರಶ್ನೆ: ನನ್ನ “ಎರಡು ನಿಮಿಷ”ಕ್ಕಾಗಿ ಕಾಯುತ್ತಾ ಕೂತಿರುವವರು ಯಾರು?

ನಾನು ಈಗ ಬುಧವಾರ ಸಂಜೆ ಆರೂವರೆಯಿಂದ ಏಳೂವರೆವರೆಗೆ ಕಂಪ್ಯೂಟರ್ ಆಫ್ ಮಾಡುತ್ತೇನೆ. ಕೌಂಟರ್ ಹುಡುಗ ನೋಡಿಕೊಳ್ಳುತ್ತಾನೆ. ಸ್ಟೂಲ್ ತೆಗೆದು ಒಂದು ಕುರ್ಚಿ ಹಾಕಿದ್ದೇನೆ. ಕೆಲವು ಬುಧವಾರ ಯಾರೂ ಬರುವುದಿಲ್ಲ, ಬೈಬಲ್ ಓದುತ್ತೇನೆ. ಕೆಲವು ಬುಧವಾರ ಆ ಗ್ಯಾರೇಜಿನ ಸಹೋದರನೇ ಬರುತ್ತಾರೆ. ಸಾಲ ಇನ್ನೂ ಪೂರ್ತಿ ತೀರಿಲ್ಲ. ಇಬ್ಬರೂ ಕೂತು ಲೆಕ್ಕ ನೋಡುತ್ತೇವೆ, ಪ್ರಾರ್ಥಿಸುತ್ತೇವೆ. ಆ ಒಂದು ಗಂಟೆಯನ್ನು ನಾನು ಬೆಲೆ ಕೊಟ್ಟು ಕೊಂಡಿದ್ದೇನೆ. ತಡವಾಗಿ ಕೊಂಡೆ.

ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋಣ.

ತಂದೆಯೇ, ನಮ್ಮ ಕೈಕೆಲಸಕ್ಕಾಗಿ ಸ್ತೋತ್ರ. ಕರೆದವರಿಗೆಲ್ಲ ಓಡಿ, ನೀನು ಕಳುಹಿಸಿದವರನ್ನು ಕಾಯಿಸಿದ್ದೇವೆ, ನಮ್ಮನ್ನು ಕ್ಷಮಿಸು. ಈ ವಾರದ 168 ಗಂಟೆಗಳನ್ನು ನಿನ್ನ ಮುಂದೆ ಇಡುತ್ತೇವೆ. ಇಲ್ಲ ಅನ್ನಲು ಧೈರ್ಯ ಕೊಡು, ನಿಲ್ಲಿಸಲು ನಂಬಿಕೆ ಕೊಡು. ಸಾಲದ ಭಾರದಲ್ಲಿ ನಿದ್ದೆ ಇಲ್ಲದ ಮಕ್ಕಳನ್ನು ನೆನಪು ಮಾಡಿಕೋ. ಶಟರ್ ಎಳೆದ ಮೇಲೂ ನೀನು ನಮ್ಮನ್ನು ಕಾಯುವವನು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ದೇವರು ನಿಮ್ಮನ್ನು ಆಶೀರ್ವದಿಸಲಿ. ಮನೆಗೆ ಹೋಗಿ, ಇವತ್ತು ಫೋನ್ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮನೆಯವರ ಜೊತೆ ಊಟ ಮಾಡಿ.